ಅಪರಿಚಿತ ಇಂಗ್ಲಿಷ್ ಪದ: ಸಂದರ್ಭದ ಸುಳಿವು, ನಿಘಂಟಿನ ತೀರ್ಪು

ಇಂಗ್ಲಿಷ್ ಪತ್ರಿಕೆ, ಬ್ಯಾಂಕಿನ ಕರಾರು ಪತ್ರ, ನ್ಯಾಯಾಲಯದ ನೋಟಿಸು ಮುಂತಾದವುಗಳಲ್ಲಿ ಅಪರಿಚಿತ ಪದ ಎದುರಾದಾಗ ಓದುಗನಿಗಿರುವ ಆಸರೆಗಳು ಎರಡು: ಆ ಪದದ ಸಂದರ್ಭ ಮತ್ತು ನಿಘಂಟು. ಒಂದನ್ನು ಬಿಟ್ಟು ಇನ್ನೊಂದನ್ನೇ ನಂಬಿದರೆ ಅರ್ಥ ಅನರ್ಥವಾಗುವ ಸಂಭವವಿದೆ.

ಸಂದರ್ಭದ ಸುಳಿವು

ಪದವು ವಾಕ್ಯದಲ್ಲಿ ನಾಮಪದವೋ, ಕ್ರಿಯಾಪದವೋ, ವಿಶೇಷಣವೋ ಎಂಬುದನ್ನು ಮೊದಲು ಗಮನಿಸಬೇಕು. ಅನಂತರ ಅದರ ಅಕ್ಕಪಕ್ಕದ ಪದಗಳನ್ನು ನೋಡಬೇಕು. 'ಸ್ಯಾಂಕ್ಷನ್' ಇದಕ್ಕೆ ಉತ್ತಮ ನಿದರ್ಶನ. ಬ್ಯಾಂಕು ಸಾಲವನ್ನು 'ಸ್ಯಾಂಕ್ಷನ್' ಮಾಡಿತೆಂದರೆ ಅದು ಮಂಜೂರಾತಿ. ಒಂದು ದೇಶ ಇನ್ನೊಂದರ ಮೇಲೆ 'ಸ್ಯಾಂಕ್ಷನ್ಸ್' ಹೇರಿತೆಂದರೆ ಅದು ನಿರ್ಬಂಧ. ಒಪ್ಪಿಗೆಗೂ ದಂಡನೆಗೂ ಪದ ಒಂದೇ. ಯಾವ ಅರ್ಥವೆಂಬುದನ್ನು ತಿಳಿಸುವುದು ಸಂದರ್ಭ ಮಾತ್ರ.

ದೇಶ ಬದಲಾದರೂ ಅರ್ಥ ಬದಲಾಗುತ್ತದೆ. ಮಸೂದೆಯನ್ನು 'ಟೇಬಲ್' ಮಾಡುವುದೆಂದರೆ ಬ್ರಿಟನ್ನಿನಲ್ಲಿಯೂ ನಮ್ಮಲ್ಲಿಯೂ ಸದನದಲ್ಲಿ ಮಂಡಿಸುವುದು. ಅಮೆರಿಕದಲ್ಲಿ ಅದರ ಚರ್ಚೆಯನ್ನು ಬದಿಗಿರಿಸುವುದು.

ಊಹೆ ಸಾಲದೆಡೆ

ಸಾಲಪತ್ರಗಳಲ್ಲಿ 'ಜಾಯಿಂಟ್ಲಿ ಅಂಡ್ ಸೆವರಲಿ' ಎಂಬ ಮಾತು ಸಾಮಾನ್ಯ. 'ಸೆವರಲ್' ಎಂದರೆ ಹಲವು ಎಂದು ಬಲ್ಲವರು, 'ಹಲವರು ಹಂಚಿಕೊಳ್ಳುವ ಹೊಣೆ' ಎಂದು ಊಹಿಸುವುದು ಸಹಜ. ಕಾನೂನಿನಲ್ಲಿ 'ಸೆವರಲಿ' ಎಂದರೆ ಪ್ರತ್ಯೇಕವಾಗಿ. ಮೂವರು ಸೇರಿ 3 ಲಕ್ಷ ರೂಪಾಯಿ ಸಾಲಕ್ಕೆ ಹೀಗೆ ಸಹಿ ಹಾಕಿದ್ದರೆ, ಬ್ಯಾಂಕು ಅವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಬಾಕಿಯನ್ನು ಕೇಳಬಹುದು. 'ನನ್ನ ಪಾಲು 1 ಲಕ್ಷ ಮಾತ್ರ' ಎಂಬ ವಾದ ಬ್ಯಾಂಕಿನ ಮುಂದೆ ನಿಲ್ಲದು.

ಜಾಮೀನುದಾರರೂ ಎಚ್ಚರ ವಹಿಸಬೇಕು. ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ಎಂದು 1872ರ ಭಾರತೀಯ ಕರಾರು ಅಧಿನಿಯಮದ 128ನೇ ಪ್ರಕರಣ ಹೇಳುತ್ತದೆ.

ನಿಘಂಟನ್ನು ನೋಡುವ ಕ್ರಮ

ಮೊದಲ ಅರ್ಥ ಕಂಡೊಡನೆ ನಿಘಂಟನ್ನು ಮುಚ್ಚಬಾರದು. ಎಲ್ಲ ಅರ್ಥಗಳನ್ನೂ ಓದಿ, ಕಾನೂನು, ವೈದ್ಯಕೀಯ ಮುಂತಾದ ವಿಷಯಸೂಚನೆಗಳನ್ನು ಗಮನಿಸಬೇಕು. ಆಯ್ದ ಅರ್ಥವನ್ನು ಮೂಲ ವಾಕ್ಯದಲ್ಲಿಟ್ಟು ಹೊಂದುವುದೇ ಎಂದು ಪರೀಕ್ಷಿಸಬೇಕು. ಮೊಬೈಲ್ ಅನುವಾದವನ್ನು ಬಳಸುವವರು ಒಂಟಿ ಪದದ ಬದಲು ಇಡೀ ವಾಕ್ಯವನ್ನು ಕೊಡುವುದು ಲೇಸು.

ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆಂದೇ ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು ಸಿದ್ಧಪಡಿಸಿದ ನಿಘಂಟು 1942ರಲ್ಲಿ ಜಪಾನಿನಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡ್ ಮೂಲಕ ಹೊರಬಂದಿತು. ಸರಳ ವಿವರಣೆ ಮತ್ತು ಬಳಕೆಯ ಉದಾಹರಣೆಗಳು ಈ ಬಗೆಯ ನಿಘಂಟುಗಳ ವೈಶಿಷ್ಟ್ಯ. ಕನ್ನಡದ ಸಮಾನ ಪದಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ನೆರವಾಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಪ್ರಸಿದ್ಧ ಕಿಟೆಲ್ ನಿಘಂಟು ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುವಂಥದ್ದು. ಈ ಕೆಲಸಕ್ಕೆ ಅದು ಒದಗದು.

ಕಾದಂಬರಿಯಲ್ಲಿ ತಿಳಿಯದ ಪದವನ್ನು ಊಹೆಯಿಂದಲೇ ದಾಟಬಹುದು. ಸಹಿ ಹಾಕಬೇಕಾದ ಪತ್ರದಲ್ಲಿ ಹಾಗೆ ದಾಟಲಾಗದು. ನಿಘಂಟು ನೋಡಿದ ಮೇಲೂ ಸಂಶಯ ಉಳಿದರೆ ಬಲ್ಲವರನ್ನು ಕೇಳಿಯೇ ಸಹಿ ಮಾಡುವುದು ಕ್ಷೇಮ.