ಬೆಂಗಳೂರಿನ ಖಾಸಗಿ ಎಫ್.ಎಂ. ಬಾನುಲಿ ಮತ್ತು ಕನ್ನಡ: ರೇಡಿಯೊ ಸಿಟಿಯ ಚರಿತ್ರೆಯ ಹಿನ್ನೆಲೆಯಲ್ಲಿ

ಕನ್ನಡ ನಾಡಿನಲ್ಲಿ ಬಾನುಲಿಯು ಆರಂಭಗೊಂಡುದು ಸರಕಾರದ ಉಪಕ್ರಮದಿಂದಲ್ಲ, ವ್ಯಕ್ತಿಯೊಬ್ಬರ ಆಸಕ್ತಿಯಿಂದ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಸ್ಥಾಪಿಸಿದ 'ಆಕಾಶವಾಣಿ'ಯು ಮುಂದೆ ಸಂಸ್ಥಾನದ ಆಡಳಿತಕ್ಕೂ ಸ್ವಾತಂತ್ರ್ಯಾನಂತರ ಕೇಂದ್ರ ಸರಕಾರದ ಅಧೀನಕ್ಕೂ ಒಳಪಟ್ಟಿತು. 1955ರಲ್ಲಿ ಬೆಂಗಳೂರು ನಿಲಯವು ಕಾರ್ಯಾರಂಭ ಮಾಡಿತು. ಅನಂತರದ ನಾಲ್ಕೂವರೆ ದಶಕಗಳ ಕಾಲ ನಗರದ ಬಾನುಲಿಯೆಂದರೆ ಸರಕಾರಿ ಬಾನುಲಿಯೇ ಆಗಿತ್ತು. ಈ ಏಕಸ್ವಾಮ್ಯವು ಕೊನೆಗೊಂಡುದು 2001ರ ಜುಲೈ 3ರಂದು. ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯವಾದ ರೇಡಿಯೊ ಸಿಟಿಯು ಅಂದು ಬೆಂಗಳೂರಿನಿಂದ ಪ್ರಸಾರವನ್ನು ಆರಂಭಿಸಿತು.

ಈ ಬದಲಾವಣೆಗೆ ನ್ಯಾಯಾಂಗದ ಹಿನ್ನೆಲೆಯಿದೆ. ಬಂಗಾಳದ ಕ್ರಿಕೆಟ್ ಸಂಸ್ಥೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ನೀಡಿದ ತೀರ್ಪು, ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸ್ಪಷ್ಟಪಡಿಸಿತು. ಆದರೆ 1999-2000ರ ಮೊದಲ ಹಂತದ ಪರವಾನಗಿ ವ್ಯವಸ್ಥೆಯು ಈ ಸಾರ್ವಜನಿಕ ಸ್ವತ್ತನ್ನು ಹರಾಜಿನ ವಸ್ತುವಾಗಿಸಿತು. 40 ನಗರಗಳ 108 ತರಂಗಾಂತರಗಳನ್ನು ಹರಾಜಿಗಿಡಲಾಯಿತಾದರೂ ಕಾರ್ಯಾರಂಭ ಮಾಡಿದವು 12 ನಗರಗಳ 21 ನಿಲಯಗಳು ಮಾತ್ರ. ಹರಾಜಿನಲ್ಲಿ ಏರಿದ ಶುಲ್ಕವು ಪ್ರತಿವರ್ಷ ಶೇಕಡ 15ರಂತೆ ಮತ್ತೆ ಹೆಚ್ಚುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ. ಹೀಗಾಗಿ ಸುಮಾರು ಐದು ವರ್ಷಗಳ ಕಾಲ ಬೆಂಗಳೂರಿನಲ್ಲಿ ರೇಡಿಯೊ ಸಿಟಿಯೊಂದೇ ಖಾಸಗಿ ನಿಲಯವಾಗಿ ಉಳಿಯಿತು.

ಆ ಅವಧಿಯಲ್ಲಿ ನಿಲಯವು ಹಿಂದಿ, ಇಂಗ್ಲಿಷ್ ಮತ್ತು ಕನ್ನಡಗಳ ಮಿಶ್ರಣವನ್ನು ಅನುಸರಿಸಿತು. ವಾರ್ತೆ ಹಾಗೂ ಪ್ರಚಲಿತ ವಿದ್ಯಮಾನಗಳ ಪ್ರಸಾರಕ್ಕೆ ಪರವಾನಗಿಯಲ್ಲಿ ಅನುಮತಿ ಇರಲಿಲ್ಲ. ಆದ್ದರಿಂದ ಚಿತ್ರಗೀತೆ, ಪಾಪ್ ಸಂಗೀತ, ರಸ್ತೆಯ ದಟ್ಟಣೆಯ ವಿವರ, ಕೇಳುಗರ ದೂರವಾಣಿ ಕರೆ, ನಿರೂಪಕರ ಲಘು ಹರಟೆ ಇವೇ ಕಾರ್ಯಕ್ರಮಗಳ ತಿರುಳಾದವು. ಬರೆದಿಟ್ಟುಕೊಂಡ ಗ್ರಾಂಥಿಕ ಭಾಷೆಯನ್ನು ಓದುವ ಉದ್ಘೋಷಕರ ಸ್ಥಾನದಲ್ಲಿ ಸ್ನೇಹಿತರಂತೆ ಮಾತನಾಡುವ 'ಆರ್.ಜೆ.' ಎಂಬ ಹೊಸ ವೃತ್ತಿಯು ರೂಪುಗೊಂಡಿತು. ಸ್ಥಿರವಾಗಿ ಏರುವ ಶುಲ್ಕವನ್ನು ಜಾಹೀರಾತಿನಿಂದಲೇ ಭರಿಸಬೇಕಾದ ನಿಲಯವು ಕೊಳ್ಳುವ ಶಕ್ತಿಯುಳ್ಳ ಕೇಳುಗರತ್ತ ಒಲಿಯುವುದು ಸಹಜ. ರಾಜಧಾನಿಯ ಖಾಸಗಿ ಬಾನುಲಿಯಲ್ಲಿ ಕನ್ನಡ ಗೀತೆಗಳಿಗೆ ತಕ್ಕ ಪಾಲು ದೊರೆಯುತ್ತಿಲ್ಲವೆಂಬ ಆಕ್ಷೇಪವು ಕೇಳುಗರಿಂದಲೂ ಕನ್ನಡಪರ ಸಂಘಟನೆಗಳಿಂದಲೂ ವ್ಯಕ್ತವಾದುದು ಈ ಸಂದರ್ಭದಲ್ಲಿಯೇ.

2005ರಲ್ಲಿ ಪ್ರಕಟವಾದ ಎರಡನೆಯ ಹಂತದ ನೀತಿಯು ಸ್ಥಿತಿಯನ್ನು ಬದಲಿಸಿತು. ಏರುವ ಶುಲ್ಕದ ಬದಲಿಗೆ ಒಮ್ಮೆ ಸಲ್ಲಿಸುವ ಪ್ರವೇಶ ಶುಲ್ಕ ಮತ್ತು ಆದಾಯದ ಶೇಕಡ 4ರ ಪಾಲನ್ನು ಗೊತ್ತುಪಡಿಸಲಾಯಿತು. 2006ರಿಂದ ರೇಡಿಯೊ ಮಿರ್ಚಿ, ಬಿಗ್ ಎಫ್.ಎಂ., ರೇಡಿಯೊ ಒನ್, ಎಸ್ ಎಫ್.ಎಂ., ಇಂಡಿಗೊ ಮೊದಲಾದ ನಿಲಯಗಳು ನಗರಕ್ಕೆ ಬಂದವು. ಇವುಗಳಲ್ಲಿ ಇಂಡಿಗೊ ಇಂಗ್ಲಿಷ್ ಪಾಪ್ ಸಂಗೀತಕ್ಕೆ ಮೀಸಲಾದರೆ, ಮಿರ್ಚಿಯು 'ಸಖತ್ ಹಾಟ್ ಮಗಾ' ಎಂಬ ಬೀದಿಯ ನುಡಿಯನ್ನೇ ಘೋಷವಾಕ್ಯವಾಗಿ ಆರಿಸಿಕೊಂಡಿತು. ಅದೇ ಕಾಲಕ್ಕೆ ಎಫ್.ಎಂ. ಸೌಲಭ್ಯವುಳ್ಳ ಅಗ್ಗದ ಮೊಬೈಲ್ ದೂರವಾಣಿಗಳು ಆಟೊ ಚಾಲಕರು, ಅಂಗಡಿಯವರು ಹಾಗೂ ಗಾರ್ಮೆಂಟ್ಸ್ ಕಾರ್ಮಿಕರ ಕೈಸೇರುತ್ತಿದ್ದವು. 2007ರಲ್ಲಿ ದೆಹಲಿ, ಮುಂಬಯಿಗಳೊಡನೆ ಬೆಂಗಳೂರಿನಲ್ಲಿಯೂ ಆರಂಭಗೊಂಡ ಕೇಳುಗರ ಮಾಪನವು ಈ ವಿಸ್ತಾರವನ್ನು ಜಾಹೀರಾತುದಾರರಿಗೆ ಅಂಕಿಗಳಲ್ಲಿ ತೋರಿಸುವ ದಾರಿಯಾಯಿತು. 2006ರ ಡಿಸೆಂಬರಿನಲ್ಲಿ ತೆರೆಕಂಡ 'ಮುಂಗಾರು ಮಳೆ'ಯ ಗೀತೆಗಳು ಎಫ್.ಎಂ. ನಿಲಯಗಳಲ್ಲಿ ಪದೇಪದೇ ಪ್ರಸಾರವಾಗಿ, ಕನ್ನಡ ಗೀತೆಗೆ ನಗರದ ಯುವಜನರಲ್ಲಿ ಮಾರುಕಟ್ಟೆಯಿದೆಯೆಂಬುದನ್ನು ದೃಢಪಡಿಸಿದವು. ರೇಡಿಯೊ ಸಿಟಿಯೂ ಕಾಲಕ್ರಮದಲ್ಲಿ ಕನ್ನಡ ಪ್ರಧಾನವಾದ ನಿಲಯವಾಗಿ ಮಾರ್ಪಟ್ಟಿತು. 2015ರಲ್ಲಿ ಅದರ ಒಡೆತನವು ಜಾಗರಣ್ ಪ್ರಕಾಶನ ಸಂಸ್ಥೆಗೆ ವರ್ಗಾವಣೆಗೊಂಡಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಬೆಂಗಳೂರಿನ ಖಾಸಗಿ ಬಾನುಲಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತುದು ಪರವಾನಗಿಯ ಷರತ್ತಿನಿಂದಲ್ಲ. ಕೇಳುಗರ ಒತ್ತಾಯ, ಶುಲ್ಕ ಪದ್ಧತಿಯ ಬದಲಾವಣೆ ಮತ್ತು ಪೈಪೋಟಿಗಳು ಕೂಡಿ ಬಂದುದರಿಂದ. ಆದ್ದರಿಂದಲೇ ಈ ಸ್ಥಾನವು ಶಾಶ್ವತವೂ ಅಲ್ಲ. ಮಾರುಕಟ್ಟೆ ಕೊಟ್ಟುದನ್ನು ಮಾರುಕಟ್ಟೆಯೇ ಹಿಂಪಡೆಯಬಲ್ಲದು. ಜೊತೆಗೆ ಆ ಕನ್ನಡವು ಬಹುಮಟ್ಟಿಗೆ ಚಿತ್ರಗೀತೆ ಮತ್ತು ಹರಟೆಗಳ ಕನ್ನಡವಾಗಿದ್ದು, ನಗರದ ಸುದ್ದಿಯನ್ನು ಸ್ವತಂತ್ರವಾಗಿ ಹೇಳುವ ಅಧಿಕಾರವು ಅದಕ್ಕೆ ದೊರೆಯಲಿಲ್ಲ. 2011ರ ಮೂರನೆಯ ಹಂತದ ನೀತಿಯೂ ಆಕಾಶವಾಣಿಯ ವಾರ್ತೆಗಳನ್ನು ಯಥಾವತ್ತಾಗಿ ಮರುಪ್ರಸಾರ ಮಾಡುವುದಕ್ಕಷ್ಟೇ ಸಮ್ಮತಿಸಿತು.

ಸಂಶೋಧಕರ ಎದುರಿಗಿರುವ ದೊಡ್ಡ ತೊಡಕು ಆಕರಗಳದು. ಪ್ರಸಾರವಾದ ಕಾರ್ಯಕ್ರಮಗಳ ಧ್ವನಿಮುದ್ರಣವನ್ನು ಮೂರು ತಿಂಗಳ ಕಾಲ ಕಾದಿರಿಸಬೇಕೆಂಬುದು ಸರಕಾರವು ಖಾಸಗಿ ನಿಲಯಗಳಿಗೆ ವಿಧಿಸಿದ ನಿಯಮ. ಪರಿಶೀಲನೆಗೆ ಇಷ್ಟು ಸಾಕು, ಚರಿತ್ರೆಗೆ ಸಾಲದು. ಪತ್ರಿಕೆಯ ಹಳೆಯ ಸಂಚಿಕೆಯು ಗ್ರಂಥಾಲಯದಲ್ಲಿ ಉಳಿಯುತ್ತದೆ. ಬೆಂಗಳೂರಿನ ಆಡುನುಡಿಯು ಹಲವು ಭಾಷೆಗಳ ನಡುವೆ ಮರುರೂಪುಗೊಂಡ ವರ್ಷಗಳ ಬಾನುಲಿಯ ಮಾತು ಹಾಗೆ ಉಳಿಯಬೇಕೆಂಬ ಕಟ್ಟಳೆಯಿಲ್ಲ. ನಿಲಯಗಳಲ್ಲಿಯೂ ನಿರೂಪಕರಲ್ಲಿಯೂ ಕೇಳುಗರಲ್ಲಿಯೂ ಚದುರಿ ಉಳಿದಿರಬಹುದಾದ ಧ್ವನಿಮುದ್ರಣಗಳನ್ನು ಸಂಗ್ರಹಿಸಿ ಸಾರ್ವಜನಿಕ ದಫ್ತರದಲ್ಲಿ ಇರಿಸುವ ಕಾರ್ಯವು ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ತಡಮಾಡದೆ ಕೈಗೊಳ್ಳಬೇಕಾದುದಾಗಿದೆ. ತರಂಗಗಳು ಸಾರ್ವಜನಿಕ ಸ್ವತ್ತಾಗಿದ್ದ ಮೇಲೆ ಅವು ಹೊತ್ತು ತಂದ ಮಾತಿನ ನೆನಪೂ ಸಾರ್ವಜನಿಕ ಸ್ವತ್ತೇ ಆಗಬೇಕು.