ಕಪ್ಪೆಮೊಟ್ಟೆ ಬಿಟ್ಟುಕೊಟ್ಟ ಕ್ಯಾಲ್ಸಿಯಂ ಗುಟ್ಟು

ಕಿಡ್ನಿ ಸೋತ ನಮ್ಮ ಆಯಿಗೆ ಡಾಕ್ಟರ್ ಸಿನಾಕ್ಯಾಲ್ಸೆಟ್ ಗುಳಿಗೆ ಬರೆದರು. ಬಿ.ಕಾಂ. ಓದಿದ ನಾನು ಅದರ ಇತಿಹಾಸ ಹುಡುಕಿದೆ.

ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ಎಲುಬಿನ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಎಳೆಯುತ್ತದೆ. ರಕ್ತದಲ್ಲಿ ಎಷ್ಟಿದೆ ಅಂತ ಗ್ರಂಥಿಗೆ ತಿಳಿಯೋದು ಹ್ಯಾಂಗ? 1993ರಲ್ಲಿ ಬಾಸ್ಟನ್‌ನ ಎಡ್ವರ್ಡ್ ಬ್ರೌನ್, ಸ್ಟೀವನ್ ಹೆಬರ್ಟ್ ತಂಡ ಉತ್ತರ ಕೊಟ್ಟಿತು. ಆಕಳ ಗ್ರಂಥಿಯ ಆರ್‌ಎನ್‌ಎಯನ್ನು ಕಪ್ಪೆಮೊಟ್ಟೆಗೆ ಸೇರಿಸಿದರು. ಮೊಟ್ಟೆ ಕ್ಯಾಲ್ಸಿಯಂಗೆ ಸ್ಪಂದಿಸಿತು! ಹೀಗೆ ಸಿಕ್ಕಿದ್ದು ಜೀವಕೋಶದ ಮೇಲ್ಮೈಯ ಗ್ರಾಹಕ ಪ್ರೋಟೀನು. ಕ್ಯಾಲ್ಸಿಯಂ ಅಯಾನು ಅಂಟಿದರೆ ಅದು ಚುರುಕಾಗಿ ಹಾರ್ಮೋನಿಗೆ ತಡೆ ಹಾಕುತ್ತದೆ. ಅಯಾನು ಕಡಿಮೆಯಾದರೆ ತಡೆ ಸಡಿಲ.

ಕಿಡ್ನಿ ಸೋತಾಗ ಹಾರ್ಮೋನು ಮಿತಿಮೀರಿ ಎಲುಬು ಸವೆಯಬಹುದು. 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಗುಳಿಗೆ, ಗ್ರಾಹಕವನ್ನು ಕ್ಯಾಲ್ಸಿಯಂಗೆ ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಕ್ಯಾಲ್ಸಿಯಂ ಅತಿಯಾಗಿ ಇಳಿಯಲೂಬಹುದು. ಅದಕ್ಕ ರಕ್ತಪರೀಕ್ಷೆ ತಪ್ಪಿಸಬ್ಯಾಡ್ರಿ. ಆಯಿದು ನಾಳೆ ಐತಿ.