ಕೋಳಿ ಜಾಲರಿಯಲ್ಲಿ ಇಳಿದ ಪಾಠ (ಭಾಗ 3)

ಆನ್‌ಲೈನ್ ಕ್ಲಾಸ್ ಅಂದ್ರೆ ನಮಗೆಲ್ಲ 2020 ನೆನಪಾಗುತ್ತೆ, ಅಲ್ವಾ? ಆದ್ರೆ ಆಕಾಶದಿಂದ ಕನ್ನಡ ಪಾಠ ಇಳಿದಿದ್ದು 1975ರ ಆಗಸ್ಟ್ 1ರಿಂದ. ಯೋಜನೆ ಹೆಸರು ‘ಸೈಟ್’. ನಾಸಾದ ಎಟಿಎಸ್-6 ಉಪಗ್ರಹ ಒಂದು ವರ್ಷಕ್ಕೆ ಎರವಲು, ನೆಲದ ಕೆಲಸ ಇಸ್ರೋದ್ದು. ಆರು ರಾಜ್ಯಗಳ ಸುಮಾರು 2,400 ಹಳ್ಳಿ. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗೇ ಆಗ ಟಿವಿ ಇರಲಿಲ್ಲ!

ಉಪಗ್ರಹವೇ ಯಾಕೆ? ಟವರ್ ಕಟ್ಟುತ್ತಾ ಹೋದ್ರೆ ಮೊದಲು ನಗರ, ಕೊನೆಗೆ ಹಳ್ಳಿ. ಉಪಗ್ರಹ ಆದ್ರೆ ಮೂಲೆಯ ಹಳ್ಳಿಗೂ ನೇರ. ವಿಕ್ರಂ ಸಾರಾಭಾಯಿ ಹಿಡಿದಿದ್ದು ಇದೇ ದಾರಿ. ಪ್ರಸಾರ ನೋಡೋಕೆ ಅವರೇ ಇರಲಿಲ್ಲ, 1971ರಲ್ಲೇ ತೀರಿಕೊಂಡಿದ್ರು. ಮೂರು ಮೀಟರ್ ಅಗಲದ ಡಿಶ್ಶಿಗೆ ಬಳಸಿದ್ದು ಕೋಳಿಗೂಡಿನ ತಂತಿ ಜಾಲರಿ. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿಗೆಲ್ಲ. ಒಂದೇ ಚಿತ್ರಕ್ಕೆ ಎರಡು ಧ್ವನಿ: ಆಂಧ್ರದವರಿಗೆ ತೆಲುಗು, ನಮಗೆ ಕನ್ನಡ.

ಪ್ರಶ್ನೆ ಕೇಳೋಕೆ ಮಕ್ಕಳಿಗೆ ದಾರಿ ಇರಲಿಲ್ಲ, ಒಪ್ತೀನಿ. ಆದ್ರೆ ಊರಿಗೊಂದು ಸೆಟ್, ಎಲ್ಲರೂ ಒಟ್ಟಿಗೆ ಕೂತು ನೋಡೋದು. ಲಾಕ್‌ಡೌನ್‌ನಲ್ಲಿ ನಮ್ಮನೇಲಿ ಇದ್ದಿದ್ದು ಒಂದೇ ಫೋನ್. ನಾನು ಕ್ಲಾಸಿಗೆ ಕೂತ್ರೆ ತಂಗಿಗೆ ಅವತ್ತು ಕ್ಲಾಸಿಲ್ಲ. ಅವಳಿಗೆ ಭಿನ್ನರಾಶಿ ಈಗಲೂ ಕಷ್ಟ.

1976ರ ಜುಲೈ 31ಕ್ಕೆ ಗಡುವು ಮುಗೀತು, ಉಪಗ್ರಹ ವಾಪಸ್ ಹೋಯ್ತು.

ಆ ಮೂರು ಜಿಲ್ಲೆಯವರು ಇದ್ರೆ, ಮನೇಲಿ ಅಜ್ಜ-ಅಜ್ಜಿನ ಕೇಳಿ ಕಾಮೆಂಟ್‌ನಲ್ಲಿ ಹಾಕ್ರೋ.